ಬುಡ್ಡಿದೀಪವೂ ದೆಹಲಿಯ ಇಂಧನ ಸಚಿವಾಲಯವೂ



ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಅವನ ಮಗಳೂ ಜೊತೆಗಿದ್ದಳು. ಮಾತಿನ ನಡುವೆ ಅವನು, "ಸರ್, ಪೌರನೀತಿಯ ತಾಸಿನಲ್ಲಿ ನೀವು ಕೇಂದ್ರದ ಇಂಧನ ಸಚಿವಾಲಯ ಎಂದು ಬರೆಯಿಸಿದ್ದಿರಿ. ಇವಳ ಪುಸ್ತಕದಲ್ಲಿ ಆ ಹೆಸರೇ ಇಲ್ಲವಲ್ಲ?" ಎಂದು ಕೇಳಿದ. ಪ್ರಶ್ನೆ ಚಿಕ್ಕದು. ಉತ್ತರ ಹೇಳಹೊರಟರೆ ಅರ್ಧ ಶತಮಾನದ ಕಥೆಯಾಗುತ್ತದೆ. ಆದ್ದರಿಂದ ಈ ಬರಹ.

ನಾನು ಬಾಲಕನಾಗಿದ್ದಾಗ ಬಮ್ಮಿಗಟ್ಟಿಯ ನಮ್ಮ ಮನೆಯಲ್ಲಿ ಇಂಧನವೆಂದರೆ ಮೂರೇ ವಸ್ತುಗಳು: ಅಡವಿಯಿಂದ ತಂದ ಕಟ್ಟಿಗೆ, ಹಿತ್ತಲಿನಲ್ಲಿ ತಟ್ಟಿದ ಕುಳ್ಳು, ನ್ಯಾಯಬೆಲೆ ಅಂಗಡಿಯ ಚಿಮಣಿ ಎಣ್ಣೆ. ಅವ್ವ ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾವು ಬುಡ್ಡಿದೀಪದ ಸುತ್ತ ಕುಳಿತು ಓದುತ್ತಿದ್ದೆವು. ಬೆಳಗ್ಗೆ ಎದ್ದರೆ ಮೂಗಿನ ಹೊಳ್ಳೆಗಳೆಲ್ಲ ಕಪ್ಪು. ಈ ಕಟ್ಟಿಗೆ, ಕುಳ್ಳು, ಎಣ್ಣೆಗಳಿಗೂ ದೆಹಲಿಗೂ ಸಂಬಂಧವಿದೆಯೆಂದು ಆಗ ಯಾರು ತಿಳಿದಿದ್ದರು?

ಸ್ವಾತಂತ್ರ್ಯ ಬಂದಾಗ ವಿದ್ಯುತ್ತಿಗೆಂದೇ ಪ್ರತ್ಯೇಕ ಸಚಿವಾಲಯವಿರಲಿಲ್ಲ. ಕಾಮಗಾರಿ, ಗಣಿ, ವಿದ್ಯುತ್ತು ಮೂರೂ ಒಂದೇ ಖಾತೆಯಲ್ಲಿದ್ದವು. ಎನ್. ವಿ. ಗಾಡಗೀಳರು ಅದರ ಮಂತ್ರಿಗಳು. 1952ರಲ್ಲಿ ನೀರಾವರಿ ಮತ್ತು ವಿದ್ಯುತ್ ಸಚಿವಾಲಯ ರೂಪುಗೊಂಡಿತು. ಅಣೆಕಟ್ಟು ಕಟ್ಟಿದರೆ ಹೊಲಕ್ಕೆ ನೀರು, ಮನೆಗೆ ಬೆಳಕು ಎಂಬುದು ಆ ಕಾಲದ ನಂಬಿಕೆ. 1973ರಲ್ಲಿ ಪಶ್ಚಿಮ ಏಷ್ಯಾದ ಯುದ್ಧದ ನಂತರ ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಇಂಧನದ ಚಿಂತೆ ದೇಶವನ್ನೇ ಕಾಡತೊಡಗಿತು. 1974ರ ಅಕ್ಟೋಬರ್‌ನಲ್ಲಿ ನೀರಾವರಿಯನ್ನು ಬೇರ್ಪಡಿಸಿ, ವಿದ್ಯುತ್ತು ಹಾಗೂ ಕಲ್ಲಿದ್ದಲುಗಳನ್ನು ಕೂಡಿಸಿ ಇಂಧನ ಸಚಿವಾಲಯವನ್ನು ಸ್ಥಾಪಿಸಲಾಯಿತು. ಆದರೆ ಪೆಟ್ರೋಲಿಯಂ ಅದರ ಹೊರಗೇ ಉಳಿಯಿತು. 1982ರಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳ ಇಲಾಖೆಯೊಂದು ಅದರಲ್ಲಿ ಹುಟ್ಟಿತು. ಗೋಬರ್ ಗ್ಯಾಸ್, ಹೊಗೆರಹಿತ ಒಲೆಗಳು ಹಳ್ಳಿಗಳಿಗೆ ಬಂದುದು ಈ ದಾರಿಯಿಂದ. 1992ರಲ್ಲಿ ಆ ಸಚಿವಾಲಯ ಒಡೆದು ವಿದ್ಯುತ್ತು, ಕಲ್ಲಿದ್ದಲು, ಅಸಾಂಪ್ರದಾಯಿಕ ಇಂಧನಗಳು ತಮ್ಮ ತಮ್ಮ ಮನೆ ಮಾಡಿಕೊಂಡವು. ಕೊನೆಯದಕ್ಕೆ 2006ರಲ್ಲಿ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವೆಂಬ ಹೆಸರಾಯಿತು. 2024ರ ಜೂನ್‌ನಲ್ಲಿ ಆ ಖಾತೆಯನ್ನು ವಹಿಸಿಕೊಂಡವರು ನಮ್ಮ ಧಾರವಾಡ ಕ್ಷೇತ್ರದ ಸಂಸದರಾದ ಪ್ರಲ್ಹಾದ ಜೋಶಿಯವರೇ. ಅದಕ್ಕೂ ಮೊದಲು, 2019ರಿಂದ, ಅವರು ಕಲ್ಲಿದ್ದಲು ಮತ್ತು ಗಣಿ ಮಂತ್ರಿಗಳಾಗಿದ್ದರು. ಮಗಳ ಪುಸ್ತಕದಲ್ಲಿ ಹಳೆಯ ಹೆಸರು ಕಾಣದಿರಲು ಇದೇ ಕಾರಣ.

ಹೆಸರಿಗಿಂತ ಮುಖ್ಯವಾದುದು ಲೆಕ್ಕ. 1997ರವರೆಗೆ, ಗ್ರಾಮದ ಕಂದಾಯ ಸೀಮೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ತು ಬಳಕೆಯಾದರೆ ಆ ಗ್ರಾಮ 'ವಿದ್ಯುದೀಕೃತ'ವೇ ಆಗಿತ್ತು. ಒಬ್ಬ ರೈತನ ಬಾವಿಯ ಮೇಲೆ ಪಂಪು ತಿರುಗಿದರೂ ಸಾಕು, ಊರೆಲ್ಲ ಕತ್ತಲಲ್ಲಿದ್ದರೂ ಕಾಗದದ ಮೇಲೆ ಬೆಳಕು! 2004ರ ಹೊಸ ವ್ಯಾಖ್ಯೆಯಲ್ಲಿ ಶಾಲೆ, ಪಂಚಾಯಿತಿಯಂತಹ ಸಾರ್ವಜನಿಕ ಸ್ಥಳಗಳಲ್ಲಿ ವಿದ್ಯುತ್ತು ಇರಬೇಕು, ಶೇಕಡಾ 10ರಷ್ಟಾದರೂ ಮನೆಗಳಿಗೆ ತಲುಪಿರಬೇಕು ಎಂದಾಯಿತು. ಉಳಿದ 90 ಮನೆಗಳ ಮಕ್ಕಳು ಯಾವ ಲೆಕ್ಕದಲ್ಲಿ ಬಂದರು? 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಗ್ರಾಮಕ್ಕೆ ವಿದ್ಯುತ್ತು ತಲುಪುವುದರೊಂದಿಗೆ ದೇಶದ ಎಲ್ಲ ಗ್ರಾಮಗಳೂ ವಿದ್ಯುದೀಕೃತವಾದವೆಂದು ಘೋಷಣೆಯಾಯಿತು. ಎಲ್ಲ ಮನೆಗಳಿಗೂ ಸಂಪರ್ಕ ಕೊಡುವ ಸೌಭಾಗ್ಯ ಯೋಜನೆ 2017ರಲ್ಲಷ್ಟೇ ಆರಂಭವಾಗಿತ್ತು. ಊರಿಗೂ ಮನೆಗೂ ನಡುವೆ ಅಷ್ಟು ದೂರ!

ಇನ್ನು ನಮ್ಮದೇ ಬೇಡ್ತಿಯ ಮಾತು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರನ್ನು ಕೂಡಿಸಿಕೊಂಡು, ನಮ್ಮ ಕಲಘಟಗಿ ತಾಲೂಕನ್ನು ಹಾಯ್ದು, ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಸೇರುವ ನದಿಯಿದು. ಉತ್ತರ ಕನ್ನಡದಲ್ಲಿ ಇದಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ ಸಿದ್ಧವಾದಾಗ, ಕಾಡು ಮತ್ತು ಅಡಿಕೆ ತೋಟಗಳು ಮುಳುಗುತ್ತವೆಂದು ಅಲ್ಲಿಯ ಜನ ಎದ್ದು ನಿಂತರು. 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ವಿಜ್ಞಾನಿಗಳನ್ನು ಕರೆಸಿ, ಯೋಜನೆಯ ಲಾಭನಷ್ಟಗಳನ್ನು ಚರ್ಚಿಸುವ ವಿಚಾರಸಂಕಿರಣ ನಡೆಸಿತು. ಯೋಜನೆ ನಿಂತುಹೋಯಿತು.

ಆಗ ನಾನು ಇಪ್ಪತ್ತರ ತರುಣ. ನನಗೆ ಸಿಟ್ಟು ಬಂದಿತ್ತು. 'ತೋಟದವರಿಗೆ ತೋಟದ ಚಿಂತೆ, ನಮ್ಮ ಬುಡ್ಡಿದೀಪದ ಚಿಂತೆ ಯಾರಿಗೆ?' ಎಂದು ಗೆಳೆಯರೊಡನೆ ವಾದಿಸಿದ್ದೆ. ಆ ಸಿಟ್ಟು ಶಿಕ್ಷಕನಾದ ಮೇಲೂ ಹೋಗಲಿಲ್ಲ. ಜಲವಿದ್ಯುತ್ತಿನ ಪ್ರಯೋಜನ, ದೋಷಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಹುಡುಗನೊಬ್ಬ, "ಕಾಡು ಮುಳುಗುತ್ತದೆ, ಕೆಳಗಿನ ಊರಿನವರು ಊರು ಬಿಡಬೇಕಾಗುತ್ತದೆ" ಎಂದು ಬರೆದಿದ್ದ. ಪಠ್ಯದಲ್ಲಿಲ್ಲವೆಂದು ಅರ್ಧ ಅಂಕ ಕಳೆದೆ. ಮುಂದೆ ಶಾಲೆಯ ಪ್ರವಾಸದಲ್ಲಿ ಮಾಗೋಡಿನ ಎದುರು ನಿಂತಾಗ ಆ ಉತ್ತರಪತ್ರಿಕೆ ಕಣ್ಮುಂದೆ ಬಂದಿತು. ನಮ್ಮ ಕತ್ತಲೆಯೂ ನಿಜ, ಅವರ ತೋಟವೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಲ್ಲಗಳೆಯಬೇಕಾಗಿರಲಿಲ್ಲ.

ಬೇಡ್ತಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದರ ನೀರನ್ನು ಪೂರ್ವಕ್ಕೆ ತಿರುಗಿಸುವ ಬೇಡ್ತಿ-ವರದಾ ಜೋಡಣೆಯ ಪ್ರಸ್ತಾವ ಬಂದಿದೆ, ಘಟ್ಟದವರ ವಿರೋಧವೂ ಎದ್ದಿದೆ. ಸಚಿವಾಲಯಗಳ ಹೆಸರು ಇನ್ನೂ ಎಷ್ಟೋ ಸಲ ಬದಲಾದೀತು. ನೀವು ಹೆಸರನ್ನು ಬಾಯಿಪಾಠ ಮಾಡಬೇಡಿರಿ. ಲೆಕ್ಕದಲ್ಲಿ ಯಾರು ಬಂದರು, ಯಾರು ಬಿಟ್ಟುಹೋದರು ಎಂದು ಕೇಳಿರಿ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ ಅವನಿಗೆ ಒಂದು ಮಾತು: ಮಗೂ, ನಿನ್ನ ಉತ್ತರ ಸರಿಯಾಗಿತ್ತು. ಆ ಅರ್ಧ ಅಂಕ ನಿನ್ನದೇ.