ಗುಡುಗುಡಿಯಿಂದ ಬ್ಯಾಟರಿ ಸಿಗರೇಟಿನವರೆಗೆ

ನಮ್ಮ ಸಂಘದ ವಾಚನಾಲಯಕ್ಕೆ ಪ್ರತಿ ಭಾನುವಾರ ತಪ್ಪದೆ ಬರುವ ಸ್ನೇಹಿತರೊಬ್ಬರಿದ್ದಾರೆ. ಬೀದರ ಜಿಲ್ಲೆಯವರು; ಹೈದರಾಬಾದಿಗೆ ಬಂದು ನಾಲ್ಕು ದಶಕಗಳಾದವು. ಅಷ್ಟೂ ವರ್ಷ ಜೊತೆಗಿದ್ದ ಸಿಗರೇಟನ್ನು ಮೂರು ತಿಂಗಳ ಹಿಂದೆ ಬಿಟ್ಟರು. ಕೆಮ್ಮು ಇಳಿಯಿತು, ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಯಿತು. ಆದರೆ ಊಟವಾದ ಕೂಡಲೆ ಕೈ ಜೇಬಿಗೆ ಹೋಗುವುದು ಮಾತ್ರ ನಿಂತಿರಲಿಲ್ಲ. ಹೀಗಿರಲು ಪರದೇಶದಲ್ಲಿರುವ ಅವರ ಸೋದರಳಿಯ ಫೋನಿನಲ್ಲಿ ಒಂದು ಉಪಾಯ ಸೂಚಿಸಿದನಂತೆ: “ಮಾಮಾ, ಬ್ಯಾಟರಿ ಸಿಗರೇಟ ಸೇದ್ರಿ. ಸಣ್ಣದು ನಿಮಗ ಸಾಲಂಗಿಲ್ಲ, ಹೆಚ್ಚಿನ ವೋಲ್ಟೇಜಿಂದ ತಗೋರಿ.” ಸ್ನೇಹಿತರು ಆ ಮಾತನ್ನು ನಮ್ಮ ಮುಂದಿಟ್ಟು, “ಯಾವುದು ಛಲೋ ಅದ, ನೀವೇ ನೋಡಿ ಹೇಳ್ರಿ” ಎಂದರು.

ಉತ್ತರವನ್ನು ಹುಡುಕುತ್ತ ಹೊರಟ ನಾವು ನಾನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಅದೂ ಬೇರೆಲ್ಲಿಗೋ ಅಲ್ಲ, ನಮ್ಮದೇ ಬಿಜಾಪುರಕ್ಕೆ.

ತಂಬಾಕು ನಮ್ಮ ನೆಲದ ಬೆಳೆಯಲ್ಲ. ಅಮೆರಿಕ ಖಂಡದ ಈ ಎಲೆಯನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದರು. ಅಲ್ಲಿಂದ ಅದು ದಖ್ಖನಕ್ಕೆ ಹತ್ತಿತು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, ಅವನ ಮಗಳನ್ನು ರಾಜಕುಮಾರ ದಾನಿಯಾಲನಿಗೆ ತರುವ ಸಂಬಂಧವಾಗಿ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಉತ್ತರದಲ್ಲಿ ತಾನು ಕಂಡಿರದ ತಂಬಾಕನ್ನು ಅವನು ಇಲ್ಲಿ ಕಂಡ. ರತ್ನಖಚಿತವಾದ ಒಂದು ನಳಿಗೆಯನ್ನು ಸಿದ್ಧಪಡಿಸಿಕೊಂಡು, 1604ರ ಸುಮಾರಿಗೆ ಆಗ್ರಾದ ದರ್ಬಾರಿನಲ್ಲಿ ಬಾದಶಹನಿಗೆ ಒಪ್ಪಿಸಿದ.

ಅಂದು ಅಲ್ಲಿ ನಡೆದ ವಾದವನ್ನು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಅಕ್ಬರ್ ಕುತೂಹಲದಿಂದ ಎರಡು ಮೂರು ಬಾರಿ ಎಳೆದ. ಆಸ್ಥಾನದ ವೈದ್ಯನಿಗೆ ಗಾಬರಿಯಾಯಿತು. ನಮ್ಮ ಗ್ರಂಥಗಳಲ್ಲಿ ಇದರ ಸುದ್ದಿಯಿಲ್ಲ, ಪರೀಕ್ಷಿಸದ ವಸ್ತುವನ್ನು ದೊರೆಗೆ ಕೊಡುವುದು ಹೇಗೆ ಎಂಬುದು ಅವನ ಆಕ್ಷೇಪ. ಫರಂಗಿಯರು ತಿಳಿಯದೆ ಬಳಸುತ್ತಾರೆಯೇ, ಪ್ರತಿಯೊಂದು ಪದ್ಧತಿಯೂ ಒಂದಾನೊಂದು ದಿನ ಹೊಸದೇ ಆಗಿತ್ತಲ್ಲವೇ ಎಂಬುದು ದೂತನ ಸಮರ್ಥನೆ. ಅಕ್ಬರ್ ದೂತನ ಮಾತನ್ನು ಮೆಚ್ಚಿದ, ಆದರೆ ಚಟವನ್ನು ಹಚ್ಚಿಕೊಳ್ಳಲಿಲ್ಲ. ಅಮೀರರು ಹಚ್ಚಿಕೊಂಡರು, ವರ್ತಕರು ಮಾರತೊಡಗಿದರು. ಮಗ ಜಹಾಂಗೀರ್ 1617ರಲ್ಲಿ ಇದನ್ನು ನಿಷೇಧಿಸಿದ. ನಿಷೇಧ ಕಾಗದದ ಮೇಲುಳಿಯಿತು, ಹೊಗೆ ಊರೂರಿಗೆ ಹಬ್ಬಿತು.

ಹೊಗೆಯನ್ನು ನೀರಿನೊಳಗಿಂದ ಹಾಯಿಸಿದರೆ ಅದರ ದೋಷ ಕಳೆಯುತ್ತದೆ ಎಂಬ ನಂಬಿಕೆಯಿಂದ ಹುಕ್ಕಾ, ಅಂದರೆ ನಮ್ಮ ಗುಡುಗುಡಿ, ಮನೆಮಾತಾಯಿತು. ಅದನ್ನು ಕಂಡುಹಿಡಿದವನು ಅಕ್ಬರನ ವೈದ್ಯ ಅಬುಲ್ ಫತಹ್ ಗಿಲಾನಿಯೆಂದು ಹೇಳುವುದುಂಟು. ಆದರೆ ಆತ ತೀರಿಕೊಂಡದ್ದು 1589ರಲ್ಲಿ. ಬಿಜಾಪುರದ ನಳಿಗೆ ಆಗ್ರಾ ತಲುಪುವ ಹದಿನೈದು ವರ್ಷ ಮೊದಲು. ಆದ್ದರಿಂದ ಈ ಕಥೆಯನ್ನು ಒಪ್ಪುವುದು ಕಷ್ಟ. ಯಾರೇ ಮಾಡಿರಲಿ, ಅದಕ್ಕೆ ಚೆಲುವು ತಂದವರು ಬೀದರಿನ ಕುಶಲಕರ್ಮಿಗಳು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸಿದ ಬಿದರಿ ಹುಕ್ಕಾದ ಬುಡಗಳನ್ನು ನಮ್ಮೂರಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. 1956ರವರೆಗೆ ಬೀದರು ಹೈದರಾಬಾದ್ ಸಂಸ್ಥಾನದ್ದೇ ಭಾಗವಾಗಿದ್ದುದರಿಂದ ಆ ಪಾತ್ರೆಗಳು ನಮಗೆ ತವರಿನ ಒಡವೆಗಳಂತೆ ಕಾಣುತ್ತವೆ. ಪಾತ್ರೆ ಚೆಲುವಾಯಿತು, ಹೊಗೆ ಶುದ್ಧವಾಗಲಿಲ್ಲ. ನೀರು ಹೊಗೆಯ ವಿಷವನ್ನು ತೆಗೆಯುವುದಿಲ್ಲ, ಒಂದು ಗಂಟೆಯ ಹುಕ್ಕಾದಲ್ಲಿ ನೂರು ಸಿಗರೇಟಿನಷ್ಟೋ ಅದಕ್ಕೂ ಹೆಚ್ಚಿಗೆಯೋ ಹೊಗೆ ಒಳಗೆ ಹೋಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎಚ್ಚರಿಸಿತು.

ಮುಂದಿನ ಉಪಕರಣ ಸಿಗರೇಟು. ಅದರ ಇತಿಹಾಸದಲ್ಲಿಯೂ ನಮ್ಮೂರಿಗೆ ಪಾಲಿದೆ. 1930ರಲ್ಲಿ ಇಲ್ಲಿ ವಜೀರ್ ಸುಲ್ತಾನ್ ಟೊಬ್ಯಾಕೋ ಕಂಪೆನಿ ಸ್ಥಾಪನೆಯಾಯಿತು. 1983ರಲ್ಲಿ ಅದು ವಿ.ಎಸ್.ಟಿ. ಇಂಡಸ್ಟ್ರೀಸ್ ಎಂದು ಹೆಸರು ಬದಲಿಸಿಕೊಂಡಿತು. ಆಜಮಾಬಾದಿನ ಕಾರ್ಖಾನೆಯಿಂದಾಗಿ ‘ವಿ.ಎಸ್.ಟಿ.’ ಎಂಬುದು ಒಂದು ಬಡಾವಣೆಯ ಹೆಸರೇ ಆಗಿ, 2023ರಲ್ಲಿ ತೆರೆದ ಉಕ್ಕಿನ ಮೇಲ್ಸೇತುವೆಯ ದಾರಿ ಹೇಳುವಾಗಲೂ ಜನ ಅದನ್ನೇ ಹೇಳುತ್ತಾರೆ. ಈ ಕಂಪೆನಿಯ ಚಾರ್‌ಮಿನಾರ್ ಸಿಗರೇಟು ಎಷ್ಟು ದೂರ ಹೋಯಿತೆಂದರೆ, ಸತ್ಯಜಿತ್ ರಾಯ್ ಅವರ ಬಂಗಾಳಿ ಪತ್ತೇದಾರ ಫೆಲುದಾ ಸೇದುವುದೂ ಅದನ್ನೇ. ನಮ್ಮ ಸ್ನೇಹಿತರ ಮೊದಲ ಸಿಗರೇಟೂ ಅದೇ ಆಗಿತ್ತಂತೆ.

1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ಎಂಬ ಸಂಶೋಧಕರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಆಗ ಕಂಪೆನಿಗಳು ಫಿಲ್ಟರನ್ನು ಮುಂದೆ ಮಾಡಿದವು. ಬಳಿಕ ‘ಲೈಟ್’ ಸಿಗರೇಟು ಬಂದಿತು. ಸೇದುವವರು ಇನ್ನಷ್ಟು ಜೋರಾಗಿ ಎಳೆದು ಕೊರತೆಯನ್ನು ತುಂಬಿಕೊಂಡರು. ನೀರು ಮಾಡದ ಕೆಲಸವನ್ನು ಫಿಲ್ಟರೂ ಮಾಡಲಿಲ್ಲ.

ಇನ್ನು ನಮ್ಮ ಸ್ನೇಹಿತರು ಕೇಳಿದ ಬ್ಯಾಟರಿ ಸಿಗರೇಟಿಗೆ ಬರೋಣ. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬವರು ಹೊಗೆಯಿಲ್ಲದ ಸಿಗರೇಟಿಗೆ 1965ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅದು ಮಾರುಕಟ್ಟೆಗೆ ಬರಲಿಲ್ಲ. ಇಂದಿನ ರೂಪ 2003ರ ಸುಮಾರಿಗೆ ಚೀನಾದ ಔಷಧತಜ್ಞ ಹಾನ್ ಲಿಕ್ ಅವರಿಂದ ಬಂದದ್ದು. ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಇದರಲ್ಲಿ ಎಲೆ ಸುಡುವುದಿಲ್ಲ. ಬ್ಯಾಟರಿಯಿಂದ ಕಾಯುವ ತಂತಿಯ ಸುರುಳಿ ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ಮೊದಲು ಬಂದವು ಸಿಗರೇಟಿನ ಗಾತ್ರದವು, ಸುಮಾರು 3.7 ವೋಲ್ಟಿನವು. ಹಳೆಯ ಸೇದುಗರಿಗೆ ಅವುಗಳ ಆವಿ ಗಂಟಲಿಗೆ ತಾಕಲಿಲ್ಲ. ಅದಕ್ಕಾಗಿ 5 ವೋಲ್ಟಿನವು, ಅನಂತರ ವೋಲ್ಟೇಜನ್ನು ಬೇಕಾದಂತೆ ಏರಿಸಿ ಇಳಿಸುವಂಥವು ಬಂದವು. ಶಾಲೆಯ ಲೆಕ್ಕದಲ್ಲಿಯೇ ಇದನ್ನು ತಿಳಿಯಬಹುದು: ಸುರುಳಿಯ ರೋಧ 2 ಓಮ್ ಇದ್ದರೆ 3.7 ವೋಲ್ಟಿಗೆ 6.8 ವ್ಯಾಟ್, 5 ವೋಲ್ಟಿಗೆ 12.5 ವ್ಯಾಟ್. ವೋಲ್ಟೇಜು ಮೂರರಲ್ಲೊಂದು ಪಾಲು ಏರಿದರೆ ಕಾವು ಹತ್ತಿರ ಹತ್ತಿರ ಇಮ್ಮಡಿ.

ಈ ಕಾವಿನ ಬಗ್ಗೆಯೇ 2015ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ವರದಿ ಪ್ರಕಟಿಸಿದರು. 3.3 ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡಿನ ಅಂಶ 5 ವೋಲ್ಟಿನಲ್ಲಿ ಕಂಡಿತ್ತು. ಅಷ್ಟು ಕಾವಿಗೆ ದ್ರವ ಸೀದು ರುಚಿ ಕೆಡುವುದರಿಂದ ಯಾರೂ ಹಾಗೆ ಸೇದುವುದಿಲ್ಲ ಎಂದು ಬೇರೆಯವರು ತಕರಾರು ತೆಗೆದರು. ವಾದ ಏನೇ ಇರಲಿ, ಹೆಚ್ಚಿನ ವೋಲ್ಟೇಜೆಂದರೆ ಹೆಚ್ಚಿನ ಗುಣವಲ್ಲ ಎಂಬಷ್ಟನ್ನು ನಾವು ತಿಳಿಯಬಹುದು.

ಇದರಿಂದ ಪ್ರಯೋಜನವೇ ಇಲ್ಲವೆಂದರೆ ಸುಳ್ಳಾದೀತು. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಪ್ರಯೋಗದಲ್ಲಿ 886 ಮಂದಿ ಭಾಗವಹಿಸಿದ್ದರು. ಒಂದು ವರ್ಷದ ಬಳಿಕ ಬ್ಯಾಟರಿ ಸಿಗರೇಟು ಪಡೆದವರಲ್ಲಿ ಶೇಕಡಾ 18 ಮಂದಿ ಧೂಮಪಾನದಿಂದ ದೂರವಿದ್ದರು. ನಿಕೋಟಿನ್ ಗಮ್, ಪಟ್ಟಿ ಮುಂತಾದವನ್ನು ಪಡೆದವರಲ್ಲಿ ಶೇಕಡಾ 9.9. ಆದರೆ ಹೀಗೆ ಬಿಟ್ಟವರ ಪೈಕಿ, ಮೊದಲ ಗುಂಪಿನ ಶೇಕಡಾ 80 ಮಂದಿ ವರ್ಷದ ಕೊನೆಗೂ ಆ ಯಂತ್ರವನ್ನು ಬಿಟ್ಟಿರಲಿಲ್ಲ. ಎರಡನೆಯ ಗುಂಪಿನಲ್ಲಿ ಹಾಗೆ ಅಂಟಿಕೊಂಡವರು ಶೇಕಡಾ 9 ಮಾತ್ರ. ಸಿಗರೇಟು ಬಿಟ್ಟಿತು, ನಿಕೋಟಿನ್ ಉಳಿಯಿತು.

ನಮ್ಮ ದೇಶದ ಕಾನೂನಂತೂ ಸ್ಪಷ್ಟವಾಗಿದೆ. ಕರ್ನಾಟಕ 2016ರಲ್ಲಿಯೇ ಇದನ್ನು ನಿಷೇಧಿಸಿತು. ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ ತಂದಿತು. ತಯಾರಿಕೆ, ಆಮದು, ಸಾಗಾಣಿಕೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಆಮದು ಮಾರಾಟಗಳಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಸುಡುವ ಸಿಗರೇಟನ್ನು ಬೀದಿ ಬೀದಿಯ ಪಾನ್ ಡಬ್ಬಾದಲ್ಲಿ ಮಾರಲು ಬಿಟ್ಟು ಸುಡದಿರುವುದನ್ನು ನಿಷೇಧಿಸುವುದು ಯಾವ ನ್ಯಾಯವೆಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಅಳಿಯನ ಪಾರ್ಸೆಲಿನಿಂದ ಅದಕ್ಕೆ ಉತ್ತರ ಸಿಗದು.

ಇಷ್ಟನ್ನೂ ಸ್ನೇಹಿತರಿಗೆ ತಿಳಿಸಿ, ನಾವು ಒಂದೇ ಮಾತು ಕೇಳಿದೆವು: ನದಿ ದಾಟಲಾರದವನಿಗೆ ದೋಣಿ ಬೇಕು, ಈಜಿ ದಡ ಸೇರಿದ ತಮಗೆ ಯಾವ ದೋಣಿ ಒಳ್ಳೆಯದೆಂಬ ಚಿಂತೆ ಏಕೆ? ಮೂರು ತಿಂಗಳು ನಿಕೋಟಿನ್ ಇಲ್ಲದೆ ಕಳೆದ ದೇಹಕ್ಕೆ ಮತ್ತೆ ಅದನ್ನೇ ಉಣಿಸುವುದು ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ. ತಡೆಯಲಾರದ ದಿನ ಬಂದರೆ ವೈದ್ಯರನ್ನು ಕಾಣಬಹುದು. ಧೂಮಪಾನ ಬಿಡುವವರ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಹಣವಿಲ್ಲದೆ ಫೋನು ಮಾಡಬಹುದು.

ಸ್ನೇಹಿತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, “ಅಕ್ಬರ ಬಾದಶಹ ಎರಡು ಸಲ ಎಳೆದು ಬಿಟ್ಟ ಅಂತೀರಿ. ನಾ ನಲವತ್ತು ವರ್ಷ ಎಳೆದು ಬಿಟ್ಟೀನಿ. ಯಾರದು ದೊಡ್ಡದರಿ?” ಎಂದು ನಕ್ಕರು. ದೊಡ್ಡದು ಅವರದೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಅಂದು ಅವರ ಜೇಬಿನಲ್ಲಿ ಏಲಕ್ಕಿಯ ಪೊಟ್ಟಣವಿತ್ತು. ನಮಗೂ ಎರಡು ಕೊಟ್ಟರು.