ಟ್ರಾಕೋಮಾ ಮತ್ತೆ ಬಂದರೆ ಗೊತ್ತಾಗೋದು ಹೇಗೆ? ಸುಳಿವು ಕೊಡ್ತದೆ ಆಂಟಿಬಾಡಿ ಪರೀಕ್ಷೆ

ಗುರುಮಠಕಲ್: ಸಾಮಾನ್ಯವಾಗಿ ಕಣ್ಣು ಬಂದರೆ ಒಂದೆರಡು ವಾರದಲ್ಲಿ ವಾಸಿಯಾಗ್ತದೆ. ಟ್ರಾಕೋಮಾ ಹಾಗಲ್ಲ. ಚಿಕ್ಕಂದಿನಲ್ಲಿ ಪದೇ ಪದೇ ತಗುಲಿದ ಸೋಂಕು, ವಯಸ್ಸಾದ ಮೇಲೆ ದೃಷ್ಟಿಯನ್ನೇ ಕಸಿಯಬಹುದು.

ಭಾರತ ಇದರ ವಿರುದ್ಧ 1963ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತ್ತು. ದೇಶದಲ್ಲಿ ಇದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ದೃಢಪಡಿಸಿತು. ಹಾಗಂತ ರೋಗಾಣು ಪೂರ್ತಿ ಅಳಿದಿದೆ ಎಂದಲ್ಲ, ನಿಗಾ ಬೇಕೇ ಬೇಕು.

ಹರಡೋದು ಹೇಗೆ?
ಕ್ಲಾಮಿಡಿಯಾ ಟ್ರಾಕೋಮಾಟಿಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಕಣ್ಣು, ಮೂಗಿನ ಸ್ರಾವ ತಾಗಿದ ಕೈ, ಟವೆಲ್, ಹಾಸಿಗೆ ಮತ್ತು ನೊಣಗಳಿಂದ ಹರಡ್ತದೆ. ರೆಪ್ಪೆ ಒಳಗೆ ಕಲೆಗಟ್ಟಿ, ರೆಪ್ಪೆ ಒಳಕ್ಕೆ ಮಡಚಿ, ಕೂದಲು ಕಣ್ಣಿಗೆ ಉಜ್ಜತೊಡಗುತ್ತದೆ.

ಪರೀಕ್ಷೆ ಏನು?
ಸಮೀಕ್ಷೆಗಳಲ್ಲಿ ಮಕ್ಕಳ ರೆಪ್ಪೆ ಮಗುಚಿ ನೋಡ್ತಾರೆ. ಆದರೆ ಬೇರೆ ಕಾರಣಕ್ಕೂ ರೆಪ್ಪೆಯಲ್ಲಿ ಅಂಥದ್ದೇ ಗುಳ್ಳೆ ಏಳಬಹುದು. ಆಗ ರಕ್ತ ಪರೀಕ್ಷೆ ನೆರವಿಗೆ ಬರ್ತದೆ. ಬೆರಳು ಚುಚ್ಚಿ, ರಕ್ತದ ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಲ್ಯಾಬಿಗೆ ಕಳಿಸ್ತಾರೆ. ಅಲ್ಲಿ ಈ ಬ್ಯಾಕ್ಟೀರಿಯಾದ ಪಿಜಿಪಿ3 ಎಂಬ ಪ್ರೋಟೀನ್ ವಿರುದ್ಧ ದೇಹ ತಯಾರಿಸಿದ ಆಂಟಿಬಾಡಿ ಇದೆಯಾ ಅಂತ ಹುಡುಕ್ತಾರೆ.

ಮಕ್ಕಳೇ ಯಾಕೆ?
ಸೋಂಕು ಹೋದರೂ ಆಂಟಿಬಾಡಿ ವರ್ಷಗಟ್ಟಲೆ ಉಳಿಯಬಹುದು. ಅಜ್ಜನ ರಕ್ತದಲ್ಲಿ ಸಿಕ್ಕರೆ ಅದು ಐವತ್ತು ವರ್ಷ ಹಿಂದಿನ ಸೋಂಕೂ ಇರಬಹುದು. ಐದು ವರ್ಷದ ಮಗುವಿನಲ್ಲಿ ಸಿಕ್ಕರೆ ಸೋಂಕು ತಗುಲಿದ್ದು ಈ ಐದು ವರ್ಷದೊಳಗೆ. ಒಂದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ವಯಸ್ಸಿನ ಜತೆ ಆಂಟಿಬಾಡಿ ಇರುವವರ ಪ್ರಮಾಣ ಏರುತ್ತಿದ್ದರೆ ಸೋಂಕು ಹರಡುತ್ತಿರುವ ಸುಳಿವು. ಎಲ್ಲ ವಯಸ್ಸಲ್ಲೂ ತೀರಾ ಕಡಿಮೆ ಇದ್ದರೆ ಹರಡುವಿಕೆ ಬಹುತೇಕ ನಿಂತಿದೆ ಎಂದರ್ಥ.

ನೆನಪಿಡಿ
ಇದು ಊರಿನ ಸ್ಥಿತಿ ಅಳೆಯುವ ಪರೀಕ್ಷೆ, ಒಬ್ಬರಿಗೆ ಈಗ ರೋಗ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ಮಕ್ಕಳ ಮುಖ ದಿನಾ ತೊಳೆಸಿ, ಟವೆಲ್ ಬೇರೆ ಬೇರೆ ಇಡಿ. ಮನೆಯ ಹಿರಿಯರಿಗೆ ರೆಪ್ಪೆ ಕೂದಲು ಕಣ್ಣಿಗೆ ಚುಚ್ಚುತ್ತಿದ್ದರೆ ಚಿಮಟದಿಂದ ಕಿತ್ತು ಸುಮ್ಮನಾಗಬೇಡಿ, ಅದು ಮತ್ತೆ ಬೆಳೀತದೆ. ಕಣ್ಣಿನ ವೈದ್ಯರಿಗೆ ತೋರಿಸಿ. ಸಣ್ಣ ಶಸ್ತ್ರಚಿಕಿತ್ಸೆಯಿಂದ ರೆಪ್ಪೆ ಸರಿಪಡಿಸಬಹುದು. ಕಳೆದುಹೋದ ದೃಷ್ಟಿ ಮಾತ್ರ ಮರಳುವುದು ಕಷ್ಟ.