ದೊಡ್ಡಹುಣಸೆ: ಬಾವೋಬಾಬ್ ವೃಕ್ಷದ ಎಂಟು ಪ್ರಭೇದಗಳು

ಹಾವೇರಿ ಜಿಲ್ಲೆಯ ಸವಣೂರಿನಲ್ಲಿರುವ ದೊಡ್ಡಹುಣಸೆ ಕಲ್ಮಠವನ್ನು ದರ್ಶಿಸಿದ ಸದ್ಭಕ್ತರಿಗೆ ಅಲ್ಲಿಯ ಮೂರು ಮಹಾವೃಕ್ಷಗಳ ಪರಿಚಯ ಉಂಟು. ಆ ಮಠದ ಹೆಸರಿನಲ್ಲಿಯೇ ಅವು ಸೇರಿಕೊಂಡಿವೆ. ಅವುಗಳ ಬುಡಕ್ಕೆ ಕೈಮುಗಿಯುವ ನಮ್ಮಲ್ಲಿ ಅನೇಕರು ಅದನ್ನು ಹುಣಸೆಯ ಒಂದು ಜಾತಿಯೆಂದೇ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಹುಣಸೆಯಲ್ಲ. ಹುಣಸೆ ಮರವು ತೊಗರಿ, ಹೊಂಗೆಗಳ ಕುಟುಂಬಕ್ಕೆ ಸೇರಿದ್ದು. ದೊಡ್ಡಹುಣಸೆಯಾದರೋ ದಾಸವಾಳ, ಹತ್ತಿ, ಬೂರುಗಗಳ ಬಳಗದ್ದು. ಹಣ್ಣಿನ ತಿರುಳು ಹುಳಿಯಾಗಿರುವುದರಿಂದ ಜನರು ಅದನ್ನು ಹುಣಸೆಯೆಂದು ಕರೆದರು. ಮರಾಠಿಯಲ್ಲಿ ಇದಕ್ಕೆ ಗೋರಖ ಚಿಂಚ ಎಂಬ ಹೆಸರಿದೆ. ಜಗತ್ತು ಇದನ್ನು ಬಾವೋಬಾಬ್ ಎಂದು ಕರೆಯುತ್ತದೆ. ನಾವು ಪೂಜ್ಯವೆಂದು ಭಾವಿಸುವ ವೃಕ್ಷದ ಸ್ವಭಾವವನ್ನು ಅರಿತರೆ ಮಾತ್ರ ಅದನ್ನು ಉಳಿಸಿಕೊಳ್ಳಬಲ್ಲೆವು ಎಂಬ ಕಾರಣದಿಂದ ಅದರ ಕುಲದ ವಿವರವನ್ನು ಇಲ್ಲಿ ನೀಡುತ್ತಿದ್ದೇವೆ.

ಕುಲದ ಸಾಮಾನ್ಯ ಲಕ್ಷಣಗಳು

ಈ ಕುಲದ ಶಾಸ್ತ್ರೀಯ ನಾಮ ಅಡನ್ಸೋನಿಯಾ. 18ನೆಯ ಶತಮಾನದಲ್ಲಿ ಸೆನೆಗಲ್ ದೇಶದಲ್ಲಿ ಈ ಮರವನ್ನು ಅಧ್ಯಯನ ಮಾಡಿದ ಫ್ರೆಂಚ್ ವಿಜ್ಞಾನಿ ಮಿಷೆಲ್ ಅಡನ್ಸನ್ ಅವರ ಗೌರವಾರ್ಥವಾಗಿ ಈ ಹೆಸರು ಬಂದಿದೆ. ಇದರಲ್ಲಿ ಎಂಟು ಪ್ರಭೇದಗಳನ್ನು ಗುರುತಿಸಲಾಗಿದೆ: ಆಫ್ರಿಕಾ ಭೂಖಂಡದ್ದು ಒಂದು, ಮಡಗಾಸ್ಕರ್ ದ್ವೀಪದವು ಆರು, ಆಸ್ಟ್ರೇಲಿಯದ್ದು ಒಂದು. 2012ರಲ್ಲಿ ಆಫ್ರಿಕಾದಿಂದ ಒಂಬತ್ತನೆಯದೊಂದನ್ನು ಹೆಸರಿಸಲಾಗಿತ್ತಾದರೂ, ಅದು ಪ್ರತ್ಯೇಕ ಪ್ರಭೇದವಲ್ಲವೆಂದು ಅನಂತರದ ಅಧ್ಯಯನಗಳು ತೋರಿಸಿದವು.

ಎಲ್ಲ ಪ್ರಭೇದಗಳಿಗೂ ಕೆಲವು ಗುಣಗಳು ಸಮಾನ. ಒಣಹವೆಯ ಕಾಲದಲ್ಲಿ ಎಲೆಯುದುರಿಸಿ ಮಳೆಗಾಲದಲ್ಲಿ ಚಿಗುರುತ್ತವೆ. ಒಂದೇ ತೊಟ್ಟಿನಿಂದ ಹಲವು ಎಲೆದಳಗಳು ಅಂಗೈಯ ಬೆರಳುಗಳಂತೆ ಹರಡಿಕೊಳ್ಳುತ್ತವೆ. ಹೂಗಳು ಸಂಜೆಯ ವೇಳೆಗೆ ಅರಳುತ್ತವೆ. ಗಟ್ಟಿ ಚಿಪ್ಪಿನ ಕಾಯೊಳಗೆ ಒಣ ಹಿಟ್ಟಿನಂತಹ ಹುಳಿ ತಿರುಳೂ ಅದರಲ್ಲಿ ಹುದುಗಿದ ಬೀಜಗಳೂ ಇರುತ್ತವೆ. ಕಾಂಡವು ತೇಗ ಮತ್ತಿಗಳಂತೆ ಗಟ್ಟಿ ಚೇಗಿನದಲ್ಲ. ನೀರು ತುಂಬಿದ, ನಾರಿನಿಂದ ಕೂಡಿದ ಮೆದುವಾದ ಮರ. ಹಸಿಮರದ ತೂಕದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಭಾಗ ನೀರೇ. ಆದ್ದರಿಂದ ಸತ್ತ ಬಾವೋಬಾಬ್ ಬಹುಕಾಲ ನಿಲ್ಲದೆ ನಾರಿನ ರಾಶಿಯಾಗಿ ಕುಸಿದುಬಿಡುತ್ತದೆ.

ಆಫ್ರಿಕಾದ ಪ್ರಭೇದ: ಡಿಜಿಟಾಟಾ

ನಮ್ಮ ನಾಡಿನ ದೊಡ್ಡಹುಣಸೆ ಇದೇ ಪ್ರಭೇದ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಒಣ ಹುಲ್ಲುಗಾವಲುಗಳು ಇದರ ನೆಲೆ. ಕಾಂಡದ ಸುತ್ತಳತೆ 25 ಮೀಟರಿಗೂ ಮೀರಬಹುದು. ದೊಡ್ಡ ಬಿಳಿಯ ಹೂಗಳು ಉದ್ದ ತೊಟ್ಟಿನಿಂದ ಕೆಳಮುಖವಾಗಿ ತೂಗಾಡುತ್ತವೆ. ಇವುಗಳ ಪರಾಗಸ್ಪರ್ಶಕ್ಕೆ ಹಣ್ಣುತಿನ್ನುವ ಬಾವಲಿಗಳು ಮುಖ್ಯ ನೆರವು. ಆಫ್ರಿಕಾದ ಹಳ್ಳಿಗಳಲ್ಲಿ ಎಳೆಯ ಎಲೆ ಸೊಪ್ಪಿನ ಪಲ್ಯಕ್ಕೂ, ತಿರುಳು ಪಾನಕಕ್ಕೂ, ತೊಗಟೆಯ ನಾರು ಹಗ್ಗಕ್ಕೂ ಒದಗುತ್ತವೆ. ತೊಗಟೆಯನ್ನು ಸುಲಿದ ಬಳಿಕವೂ ಹೊಸ ತೊಗಟೆ ಬೆಳೆಯುವುದು ಈ ಮರದ ವಿಶೇಷ ಶಕ್ತಿ.

ಮಡಗಾಸ್ಕರಿನ ಆರು ಪ್ರಭೇದಗಳು

*ಗ್ರಾಂಡಿಡಿಯೆರಿ:* ಇವುಗಳಲ್ಲಿ ಅತ್ಯಂತ ಭವ್ಯವಾದುದು. ಕಂಬದಂತೆ ನೇರವಾಗಿ 25ರಿಂದ 30 ಮೀಟರ್ ಏರಿ, ತುದಿಯಲ್ಲಿ ಮಾತ್ರ ಚಪ್ಪಟೆಯಾಗಿ ಕೊಂಬೆ ಹರಡುತ್ತದೆ. ಮೊರೊಂದಾವಾ ಪಟ್ಟಣದ ಸಮೀಪದ ಪ್ರಸಿದ್ಧ ಬಾವೋಬಾಬ್ ಸಾಲುಮರಗಳು ಇವೇ. ಸ್ಥಳೀಯರು ಇದನ್ನು ‘ಕಾಡಿನ ತಾಯಿ’ ಎಂಬರ್ಥದ ರೆನಾಲಾ ಎಂಬ ಹೆಸರಿನಿಂದ ಕರೆಯುತ್ತಾರೆ.

*ಸುವಾರೆಝೆನ್ಸಿಸ್:* ದ್ವೀಪದ ಉತ್ತರ ತುದಿಯ ಸಣ್ಣ ಪ್ರದೇಶಕ್ಕೆ ಸೀಮಿತ. ಇದರ ಹೂವಿಗೆ ಬಾವಲಿಯೇ ಆಧಾರ.

*ಪೆರಿಯೆರಿ:* ಎಂಟರಲ್ಲಿ ಅತಿ ವಿರಳವಾದುದು. ಉತ್ತರದ ತೇವವುಳ್ಳ ಕಾಡುಗಳಲ್ಲಿ, ಹೊಳೆಗಳ ಬದಿಯಲ್ಲಿ ಬೆಳೆಯುತ್ತದೆ. ಬಲಿತ ಮರಗಳು 250ಕ್ಕಿಂತ ಕಡಿಮೆ ಎಂದು ಅಂದಾಜಿಸಲಾಗಿದೆ.

*ಮಡಗಾಸ್ಕರಿಯೆನ್ಸಿಸ್:* ಉತ್ತರ ಮತ್ತು ವಾಯವ್ಯ ಭಾಗದ್ದು. ಗಾಢ ಕೆಂಪು ಹೂವೇ ಇದರ ಗುರುತು.

*ರುಬ್ರೊಸ್ಟೀಪಾ:* ಪಶ್ಚಿಮದ ಒಣಕಾಡಿನ ಸಣ್ಣ ಮರ. ಕೆಂಪುಛಾಯೆಯ ತೊಗಟೆ, ಸೀಸೆಯಂತಹ ಕಾಂಡ, ಗರಗಸದ ಹಲ್ಲಿನಂತಹ ಎಲೆಯಂಚು ಇದರ ಲಕ್ಷಣಗಳು.

*ಝಾ:* ದಕ್ಷಿಣ ಮತ್ತು ಪಶ್ಚಿಮದಲ್ಲಿ ಅತ್ಯಂತ ವ್ಯಾಪಕವಾಗಿರುವ ಪ್ರಭೇದ. ನೈಋತ್ಯದ ನೀರಿಲ್ಲದ ಪ್ರಸ್ಥಭೂಮಿಯಲ್ಲಿ ಜನರು ಇದರ ಕಾಂಡವನ್ನು ಕೊರೆದು ಮಳೆನೀರಿನ ತೊಟ್ಟಿಯಾಗಿ ಬಳಸುತ್ತ ಬಂದಿದ್ದಾರೆ.

ಮೊದಲ ಎರಡರ ಹೂಗಳು ಗಿಡ್ಡ ಕೊಳವೆಯವು, ಮೇಲ್ಮುಖವಾದವು. ಬಾವಲಿ, ಲೆಮೂರ್‌ಗಳಂತಹ ನಿಶಾಚರ ಪ್ರಾಣಿಗಳು ಮಕರಂದಕ್ಕೆ ಬರುತ್ತವೆ. ಉಳಿದ ನಾಲ್ಕರ ಹೂಗಳು ಉದ್ದ ಕೊಳವೆಯವು. ಅಷ್ಟೇ ಉದ್ದದ ನಾಲಗೆಯುಳ್ಳ ಇರುಳು ಪತಂಗಗಳು ಅವುಗಳ ಆಶ್ರಿತ ಜೀವಿಗಳು. ಮೇಲಿನವುಗಳಲ್ಲಿ ಮೊದಲ ಮೂರು ಇಂದು ಅಳಿವಿನ ಭೀತಿಯಲ್ಲಿವೆ. ಕಾಡನ್ನು ಕಡಿದು ಸುಟ್ಟು ಹೊಲವಾಗಿಸುವುದು ಇದಕ್ಕೆ ದೊಡ್ಡ ಕಾರಣ.

ಆಸ್ಟ್ರೇಲಿಯದ ಪ್ರಭೇದ: ಗ್ರೆಗೊರೀ

ವಾಯವ್ಯ ಆಸ್ಟ್ರೇಲಿಯದ ಕಿಂಬರ್ಲಿ ಪ್ರಾಂತದ ಈ ಮರವನ್ನು ಅಲ್ಲಿಯವರು ‘ಬೋಆಬ್’ ಎನ್ನುತ್ತಾರೆ. ಎತ್ತರ ಕಡಿಮೆ, ಹೊಟ್ಟೆ ದೊಡ್ಡದು. ಮೂಲನಿವಾಸಿಗಳು ಇದರ ಕಾಯಿಗಳ ಮೇಲೆಯೂ ಕಾಂಡಗಳ ಮೇಲೆಯೂ ಚಿತ್ರ ಕೊರೆಯುವ ಪರಂಪರೆಯಿದೆ. ಸಾಗರದಾಚೆಯ ಈ ದೂರದ ಸಂಬಂಧ ಹೇಗೆ ಒದಗಿತೆಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿತು. 2024ರಲ್ಲಿ ಎಂಟೂ ಪ್ರಭೇದಗಳ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವು ಮಡಗಾಸ್ಕರನ್ನೇ ಈ ಕುಲದ ತವರೆಂದು ಸೂಚಿಸಿತು. ಅಲ್ಲಿಂದ ಬೀಜಗಳು ಸಮುದ್ರದಲ್ಲಿ ತೇಲಿ ಉಳಿದೆಡೆ ಸೇರಿರಬೇಕೆಂಬುದು ಅದರ ಅಭಿಪ್ರಾಯ.

ಭಾರತಕ್ಕೆ ಬಂದ ಬಗೆ

ಭಾರತದಲ್ಲಿ ಈ ಕುಲದ ಯಾವ ಪ್ರಭೇದವೂ ತಾನಾಗಿ ಹುಟ್ಟಿದ್ದಲ್ಲ. ಪೂರ್ವ ಆಫ್ರಿಕಾದ ಕರಾವಳಿಯೊಡನೆ ಶತಮಾನಗಳ ಕಾಲ ನಡೆದ ವ್ಯಾಪಾರ ಮತ್ತು ಜನಸಂಚಾರದೊಡನೆ ಡಿಜಿಟಾಟಾ ಬೀಜಗಳು ಬೇರೆ ಬೇರೆ ಕಾಲಗಳಲ್ಲಿ ಇಲ್ಲಿಗೆ ಬಂದವು. ವಿಜಯಪುರ, ಗೋಲ್ಕೊಂಡ, ಮಧ್ಯಪ್ರದೇಶದ ಮಾಂಡು ಮೊದಲಾದ ಹಳೆಯ ರಾಜಧಾನಿಗಳಲ್ಲಿ ಇವು ಕಾಣಸಿಗುವುದು ಈ ಇತಿಹಾಸಕ್ಕೆ ಸಾಕ್ಷಿ. ಗೋಲ್ಕೊಂಡದ ಮರದ ಸುತ್ತಳತೆ ಸುಮಾರು 27 ಮೀಟರ್. ಎಲ್ಲಿಂದಲೋ ಬಂದ ಬೀಜವನ್ನು ಈ ನೆಲವು ತನ್ನದಾಗಿಸಿಕೊಂಡಿತು. ಸವಣೂರಿನಲ್ಲಿ ಅದಕ್ಕೆ ಮಠದ ಆಶ್ರಯವೂ ದೊರೆಯಿತು.

ಆಯುಷ್ಯ ಮತ್ತು ಪತನ

ಸವಣೂರಿನ ಮರಗಳಿಗೆ ಎರಡು ಸಾವಿರ ವರ್ಷವೆಂಬ ನಂಬಿಕೆ ಜನರಲ್ಲಿದೆ. ಆದರೆ ಬಾವೋಬಾಬಿನ ವಯಸ್ಸನ್ನು ದಪ್ಪದಿಂದ ಹೇಳಲಾಗದು. ಅದರ ವರ್ಷದ ಉಂಗುರಗಳು ಸ್ಪಷ್ಟವಲ್ಲ. ದೊಡ್ಡ ಮರಗಳಲ್ಲಿ ಹಲವು ಕಾಂಡಗಳು ಕೂಡಿ ಒಂದಾಗಿರುತ್ತವೆ. ರೇಡಿಯೋ ಕಾರ್ಬನ್ ಪರೀಕ್ಷೆಯೇ ನಂಬಲರ್ಹ ಮಾರ್ಗ. ಆ ಪರೀಕ್ಷೆಯಿಂದ ಜಿಂಬಾಬ್ವೆಯ ಒಂದು ಮರವು ಸುಮಾರು 2,450 ವರ್ಷ ಬಾಳಿತ್ತೆಂದು ತಿಳಿದುಬಂದಿದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಫ್ರಿಕಾದ ಅತ್ಯಂತ ಹಳೆಯ 13 ಮರಗಳಲ್ಲಿ 9 ಮರಗಳು ಹನ್ನೆರಡು ವರ್ಷಗಳೊಳಗೆ ಪೂರ್ಣವಾಗಿಯೋ ಭಾಗಶಃವಾಗಿಯೋ ಅಳಿದವೆಂದು ದಾಖಲಿಸಿತು. ಹವಾಮಾನದ ಬದಲಾವಣೆ ಇದಕ್ಕೆ ಕಾರಣವಾಗಿರಬಹುದೆಂದು ಆ ವಿಜ್ಞಾನಿಗಳು ಶಂಕಿಸಿದರು.

2023ರ ಜುಲೈ ತಿಂಗಳ ಮಳೆಯಲ್ಲಿ ಸವಣೂರಿನ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತು. ಕೊಂಬೆಗಳನ್ನು ಕತ್ತರಿಸಿ, ಯಂತ್ರಗಳ ಸಹಾಯದಿಂದ ಅದನ್ನು ಮತ್ತೆ ನೆಟ್ಟು ನಿಲ್ಲಿಸಲಾಯಿತು. ಮರ ಪುನಃ ಚಿಗುರಿತು. ಆಸ್ಟ್ರೇಲಿಯದಲ್ಲಿಯೂ 2008ರಲ್ಲಿ ಒಂದು ಬೃಹತ್ ಬೋಆಬನ್ನು 3,200 ಕಿಲೋಮೀಟರ್ ಸಾಗಿಸಿ ಪರ್ತ್ ನಗರದ ಕಿಂಗ್ಸ್ ಪಾರ್ಕಿನಲ್ಲಿ ನೆಡಲಾಗಿದೆ. ಕಾಂಡದಲ್ಲಿ ಕೂಡಿಟ್ಟ ನೀರು ಬೇರು ಹಿಡಿಯುವವರೆಗೆ ಇಂತಹ ಮರಗಳನ್ನು ಪೊರೆಯಬಲ್ಲದು.

ನಮ್ಮ ಕರ್ತವ್ಯ

ಹಳೆಯ ಮರದ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಬೇರಿನ ಮೇಲೆ ಕಾಂಕ್ರೀಟ್ ಹಾಸಬಾರದು, ಕಾಂಡಕ್ಕೆ ಮೊಳೆ ಹೊಡೆಯಬಾರದು, ಹೆಸರು ಕೊರೆಯಬಾರದು, ಬುಡದಲ್ಲಿ ಕಸಕ್ಕೆ ಬೆಂಕಿ ಹಚ್ಚಬಾರದು. ಉದುರಿದ ಕಾಯಿಯ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಿದರೆ ಮೊಳೆಯುವುದು ಸುಲಭ. ಎಳೆಯ ಸಸಿಯ ಎಲೆಗಳು ಬೆರಳಿನಂತೆ ಕವಲೊಡೆಯದೆ ಬಿಡಿಬಿಡಿಯಾಗಿರುತ್ತವೆ, ಕಾಂಡ ಸಪೂರವಾಗಿರುತ್ತದೆ. ಈ ಭೇದವನ್ನು ಅರಿಯದವರು ಅದನ್ನು ಕಳೆಯೆಂದು ಕಿತ್ತೆಸೆಯುವ ಸಂಭವವುಂಟು. ಮಠದ ಅಂಗಳ, ಶಾಲೆಯ ಬಯಲು ಅಥವಾ ಹೊಲದ ಬದುವಿನಲ್ಲಿ ವಿಶಾಲವಾದ ಜಾಗ ಬಿಟ್ಟು ಒಂದು ಸಸಿಯನ್ನು ನೆಟ್ಟು, ಮೊದಲ ಕೆಲವು ವರ್ಷ ದನಕರುಗಳಿಂದ ಕಾಯುವ ಹೊಣೆಯನ್ನು ಪ್ರತಿ ಊರಿನ ಭಕ್ತರೂ ಹೊರಬೇಕೆಂದು ನಾವು ವಿನಂತಿಸುತ್ತೇವೆ.